ಬಾನೆಟ್ ಮೇಲೆ ಮೂರು ಏಟು

ಮೀನಿನಂಗಡಿ ಜಪಮಾಲೆಮ್ಮ
ಥರ್ಮೋಕೋಲ್ ಡಬ್ಬಿಗೆ ದುಡ್ಡು ಬೇಡವೆಂದಳು.
‘ಎಷ್ಟು ತೊಳೆದ್ರೂ ಬಂಗಡೆ ವಾಸನೆ ಹೋಗಲ್ಲ.’
ಹೋಗದಿದ್ದರೇ ಒಳ್ಳೇದು ಎಂದೆ.
ಯಾರಿಗೆ ಅಂತ ಹೇಳಿದಾಗ ಕತ್ತಿ ಕೆಳಗಿಟ್ಟು ನೋಡಿದಳು:
‘ಬೆಂಗಳೂರಲ್ಲಿ ಬೆಕ್ಕಿಗೂ ಬಾಡಿಗೆ ಮನೆಯಾ?’
‘ಅಡ್ವಾನ್ಸ್ ಇಲ್ಲ’ ಎಂದೆ.

ಹುಲ್ಲಿನದು ದೊಡ್ಡ ಕತೆ.
ಚಿನ್ನ ಬೇಕೆಂದರೆ ಈ ಊರಲ್ಲಿ ಹೆಜ್ಜೆಗೊಂದು ಅಂಗಡಿ,
ಒಂದು ತೆಕ್ಕೆ ಒಣಹುಲ್ಲಿಗೆ ಎರಡು ಭಾನುವಾರ ಅಲೆದೆ.
ಕೊನೆಗೆ ಪಾಟರಿ ಟೌನಿನಲ್ಲಿ
ಹೂಜಿ ಹೂಜಿಯ ನಡುವೆ ಒಡೆಯದಿರಲೆಂದು ತುರುಕಿದ್ದನ್ನು
ತಂಗವೇಲು ಚೀಲಕ್ಕೆ ತುಂಬಿಕೊಟ್ಟ.
‘ಮಡಕೆ ಮಲಗಿದ್ದ ಹಾಸಿಗೆ, ಜೋಪಾನ.’

ಮೇಲ್ಮನೆಯ ನಸ್ರೀನ್ ಹೆಬ್ಬಾಳದಲ್ಲಿ ಪಶುವೈದ್ಯ ಓದುತ್ತಾಳೆ,
ಮೆಟ್ಟಿಲ ಮೇಲೆ ಕೂತು ಮೇಸ್ತ್ರಿಕೆ ಮಾಡಿದಳು.
ಬಾಗಿಲು ಆರಿಂಚು, ಒಂದು ನೂಲೂ ಹೆಚ್ಚಿಲ್ಲ,
ನಾಯಿಯ ಮೂತಿ ತೂರಬಾರದು.
ಹಿಂದೊಂದು ಕಿಂಡಿ;
ಓಡಿಹೋಗಲು ದಾರಿಯಿಲ್ಲದ ಮನೆಗೆ
ಯಾವ ಬೆಕ್ಕೂ ಕಾಲಿಡಲ್ಲ, ಅಂಕಲ್.
ಕೆಳಗೆ ನಾಲ್ಕು ಇಟ್ಟಿಗೆ. ಬಟ್ಟೆ ಮಾತ್ರ ಬೇಡ,
ಬಟ್ಟೆ ಸಂಜೆ ಇಬ್ಬನಿ ಕುಡಿದು ರಾತ್ರಿಯೆಲ್ಲ ಕಕ್ಕುತ್ತದೆ.

ನನ್ನವಳು ಮಡಿಸಿ ತಂದಿದ್ದ ಹಳೇ ಸ್ವೆಟರು
ಅವಳ ಕೈಯಲ್ಲೇ ಉಳಿಯಿತು.
ಏನೂ ಮಾತಾಡದೆ
ನನ್ನ ತಲೆಯ ಮೇಲಿಂದ ಇಳಿಸಿ ತೊಡಿಸಿದಳು.

ಮಾಡಿಗೆ ಫ್ಲೆಕ್ಸು.
ವಾರ್ಡಿನ ಯುವನಾಯಕನ ಹುಟ್ಟುಹಬ್ಬ ಮುಗಿದು
ತಿಂಗಳಾದರೂ ಕಂಬಕ್ಕೆ ಜೋತುಬಿದ್ದಿತ್ತು.
ಮುಖ ಒಳಗೆ ಮಾಡಿ ಹೊದಿಸಿದೆ.
ಈಗ ಆತ ಬೆಂಬಲಿಗರ ಸಮೇತ ಕತ್ತಲಲ್ಲಿ
ಕೈಮುಗಿದುಕೊಂಡು ಕಾಯುತ್ತಿದ್ದಾನೆ,
ಯಾರಾದರೂ ಬಂದಾರೆಯೇ ಎಂದು.

ಯಾಕಿಷ್ಟೆಲ್ಲ ಎಂದು ಯಾರೂ ಕೇಳಲಿಲ್ಲ.
ಬೀದಿಗೆಲ್ಲ ಗೊತ್ತು.

ಹೋದ ಧನುರ್ಮಾಸ. ಬೆಳಗಿನ ಜಾವ ಮೂರೂವರೆ, ಏರ್‌ಪೋರ್ಟ್ ಟ್ರಿಪ್ಪು.
ಗಾಜಿನ ಇಬ್ಬನಿ ತೋಳಿಂದ ಒರೆಸಿ ಕೀಲಿ ತಿರುಗಿಸಿದೆ.
ಬೆಲ್ಟು ಅನ್ನಬಾರದ ಒಂದು ಮಾತು ಅಂದಿತು.
ನಿಲ್ಲಿಸಿ, ಬಾನೆಟ್ ಎತ್ತಿ, ಮೊಬೈಲ್ ಬೆಳಕು ಬಿಟ್ಟು
ಮತ್ತೆ ಬೆಳಕು ಆರಿಸಿ
ನಿಂತೆ.
ಹಿಂದಿನ ರಾತ್ರಿಯ ಬಿಸಿಯನ್ನು
ಎಂಜಿನ್ನು ಇನ್ನೂ ಹಿಡಿದುಕೊಂಡಿತ್ತು, ಅಷ್ಟೇ ಅದರ ತಪ್ಪು.
ಗಿರಾಕಿಯ ಫೋನು ಬರುತ್ತಲೇ ಇತ್ತು.
ವಿಮಾನ ತಪ್ಪಿತಂತೆ, ಒಂದು ಸ್ಟಾರ್ ಕೊಟ್ಟ.
ಸರಿಯಾಗಿಯೇ ಕೊಟ್ಟ.

ತಾಯಿಬೆಕ್ಕು ಮೂರು ದಿನ ಬಂಪರಿನ ಕೆಳಗೆ ಕೂತಿತ್ತು.
ಮರಿಯನ್ನು ಕರೆಯುತ್ತ ಅಲ್ಲ. ಸುಮ್ಮನೆ.

ಇವಕ್ಕೆ ನಾನು ಹೆಸರಿಟ್ಟಿಲ್ಲ,
ಹೆಸರಿಟ್ಟರೆ ಲೆಕ್ಕವೂ ಇಡಬೇಕಾಗುತ್ತದೆ.
ಕಿವಿಯ ತುದಿ ಕತ್ತರಿಸಿದ ಬೂದಿ,
ಸುಣ್ಣ ಮೆಟ್ಟಿ ಬಂದಂಥ ಕಾಲಿನದು,
ಮತ್ತೊಂದು ಕಣ್ಣಿಗೇ ಬೀಳದ್ದು,
ಬಾನೆಟ್ಟಿನ ಧೂಳಲ್ಲಿ ಬರೀ ಹೆಜ್ಜೆಯಾಗಿರುವುದು.

ಅವರೆಕಾಯಿ ಸಿಪ್ಪೆ ಸುರಿಯುವ ಮೂಲೆಯಲ್ಲಿ
ಗೋಡೆಗೆ ಬಾಗಿಲು ತಿರುಗಿಸಿ ಡಬ್ಬಿ ಇಟ್ಟೆ.
ಮೊದಲ ವಾರ ಮೂಸಿ ಹೋದವು.
ಎರಡನೇ ವಾರ ಮಲಗಿದವು, ಒಳಗಲ್ಲ, ಮೇಲೆ,
ಯುವನಾಯಕನ ಬೆನ್ನಿನ ಮೇಲೆ.
‘ಮನೆ ಖಾಲಿ, ತಾರಸಿಗೆ ಜನ’ ಎಂದು ನಕ್ಕಳು ನನ್ನವಳು.
ನಿನ್ನೆ ಹದಿಮೂರು ಡಿಗ್ರಿ ಎಂದರು ರೇಡಿಯೋದಲ್ಲಿ.

ಇವತ್ತು ಕಿಂಡಿಗೆ ಕಣ್ಣಿಡಲಿಲ್ಲ, ಕೈಯಷ್ಟೇ ಇಟ್ಟೆ.
ಹುಲ್ಲಲ್ಲೊಂದು ಗುಳಿ,
ಊಟದ ತಟ್ಟೆಯಗಲ,
ಬೆಚ್ಚಗೆ.

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮೂರು ಭಾಷೆಯಲ್ಲಿ
ಯಾವುದೋ ಗಾಡಿ ತಡವೆಂದು ಕೂಗುತ್ತಿದ್ದರು.
ನನ್ನ ಗಾಡಿಯ ಹತ್ತಿರ ಬಂದೆ. ಖಾಲಿ ಎಂದು ಗೊತ್ತು.
ಆದರೂ ಅಂಗೈ ಬಿಚ್ಚಿ ಬಡಿದೆ: ಒಂದು. ಎರಡು.
ಮೂರನೆಯದಕ್ಕೆ ಮೊದಲು
ಎಂದಿನಂತೆ
ಸ್ವಲ್ಪ ಹೊತ್ತು ಬಿಟ್ಟೆ.